ರಾಜಾಜಿನಗರಕ್ಕೆ ಹೆಸರು ಕೊಟ್ಟವರು: ರಾಜಾಜಿ ಮತ್ತು ಶಾಲೆಯ ಸೀಟಿನ ಲೆಕ್ಕ

ಬೆಂಗಳೂರಿನ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿ ಕಡೆ ನಮ್ಮ ಕರಾವಳಿಯವರಿಗೆ ಕೊರತೆಯಿಲ್ಲ. ಮಂಗಳೂರು, ಉಡುಪಿ, ಕುಂದಾಪುರ, ಕಾಸರಗೋಡು ಭಾಗದಿಂದ ಕೆಲಸ ಹುಡುಕಿಕೊಂಡು ಹೋದವರು ಅಲ್ಲಿಯೇ ಮನೆ ಮಾಡಿ, ಅಲ್ಲಿನ ಇಗರ್ಜಿಗಳಲ್ಲಿ ಮಕ್ಕಳಿಗೆ ಜ್ಞಾನಸ್ನಾನ ಕೊಡಿಸಿ, ಮೇ ತಿಂಗಳ ರಜೆಗೆ ಮಾತ್ರ ಊರಿಗೆ ಬರುತ್ತಾರೆ. ಬಂದಾಗ ಮಾತಿನಲ್ಲಿ ಮೊದಲು ಬರುವುದು ಟ್ರಾಫಿಕ್, ಎರಡನೆಯದು ಮಕ್ಕಳ ಶಾಲೆಯ ಸೀಟು. ಮನೆ ಹತ್ತಿರದ ಶಾಲೆಯಲ್ಲಿ ಏಳನೆಯ ತರಗತಿಯ ತನಕ ಮಾತ್ರ ಇದೆ, ಎಂಟಕ್ಕೆ ಎಲ್ಲಿ ಹಾಕುವುದು ಎಂಬ ಚಿಂತೆಯನ್ನು ನಮ್ಮಲ್ಲಿ ಅನೇಕರು ಕೇಳಿದ್ದೇವೆ.

ರಾಜಾಜಿನಗರ ಎಂಬ ಹೆಸರು ಚಕ್ರವರ್ತಿ ರಾಜಗೋಪಾಲಾಚಾರಿ ಅವರದ್ದು ಎಂಬುದು ಹೆಚ್ಚಿನವರಿಗೆ ಗೊತ್ತು. ಆದರೆ ಈ ಮನುಷ್ಯ ಎರಡು ಬಾರಿ ನಮ್ಮ ದಕ್ಷಿಣ ಕನ್ನಡವನ್ನು ಆಳಿದವರು ಎಂಬುದು ಇಂದಿನ ತಲೆಮಾರಿಗೆ ಅಷ್ಟಾಗಿ ತಿಳಿದಿಲ್ಲ. ಬೆಂಗಳೂರು ಮೈಸೂರು ಸಂಸ್ಥಾನದಲ್ಲಿದ್ದಾಗ ನಮ್ಮ ಜಿಲ್ಲೆ ಮದ್ರಾಸಿಗೆ ಸೇರಿತ್ತು. ಮದ್ರಾಸಿನ ಗದ್ದುಗೆಯಲ್ಲಿ ಕುಳಿತು ಅವರು ಮಾಡಿದ ಕಾನೂನು ನಮ್ಮ ಹಳ್ಳಿಗಳ ಶಾಲೆಗಳಿಗೂ ಅನ್ವಯವಾಗುತ್ತಿತ್ತು. ಇನ್ನೂ ಒಂದು ಸಂಗತಿ ಇದೆ. ಅವರ ಅಧಿಕಾರವನ್ನು ಕೊನೆಗೆ ಅಲುಗಾಡಿಸಿದ್ದು ಶಾಲೆಯ ಸೀಟಿನ ಪ್ರಶ್ನೆಯೇ. ಮಕ್ಕಳು ಹೆಚ್ಚು, ಶಾಲೆ ಕಡಿಮೆ, ಹಣ ಇಲ್ಲ ಎಂಬ ಸಂಕಟಕ್ಕೆ ಅವರು ಒಂದು ಪರಿಹಾರ ಹುಡುಕಿದರು. ಆ ಪರಿಹಾರ ಏಕೆ ಬಿದ್ದುಹೋಯಿತು ಎಂಬುದನ್ನು ಶಾಲೆ ನಡೆಸುವ ನಮ್ಮ ಧರ್ಮಗುರುಗಳು, ಧರ್ಮಭಗಿನಿಯರು, ಪಾಲನಾ ಮಂಡಳಿಯವರು ಒಮ್ಮೆ ತಿಳಿಯುವುದು ಒಳ್ಳೆಯದು ಎಂದು ಈ ಲೇಖನ.

ರಾಜಾಜಿ ಹುಟ್ಟಿದ್ದು 1878ರ ಡಿಸೆಂಬರ್‌ನಲ್ಲಿ, ಹೊಸೂರಿನ ಸಮೀಪದ ತೊರಪಳ್ಳಿ ಎಂಬ ಹಳ್ಳಿಯಲ್ಲಿ. ಅದು ಆಗಿನ ಸೇಲಂ ಜಿಲ್ಲೆ. ಬೆಂಗಳೂರಿನಿಂದ ಒಂದು ದಿನದ ಎತ್ತಿನ ಗಾಡಿಯ ದಾರಿ ಎನ್ನಬಹುದು. ತಂದೆ ವೆಂಕಟಾರ್ಯರು ಗ್ರಾಮದ ಮುನ್ಸೀಫರು, ತಾಯಿ ಸಿಂಗಾರಮ್ಮ. ಹುಡುಗನಿಗೆ ಸುಮಾರು ಐದು ವರ್ಷವಾದಾಗ ಕುಟುಂಬ ಹೊಸೂರಿಗೆ ಬಂತು. ಅಲ್ಲಿನ ಸರ್ಕಾರಿ ಶಾಲೆಯಲ್ಲಿ ಓದಿ 1891ರಲ್ಲಿ ಮೆಟ್ರಿಕ್ಯುಲೇಶನ್ ಮುಗಿಸಿದಾಗ ಅವರಿಗೆ ಹದಿಮೂರು ವರ್ಷವೂ ತುಂಬಿರಲಿಲ್ಲ. ಮುಂದೆ ಬೆಂಗಳೂರಿನ ಸೆಂಟ್ರಲ್ ಕಾಲೇಜು ಸೇರಿ 1894ರಲ್ಲಿ ಪದವಿ ಪಡೆದರು. ಅನಂತರ ಮದ್ರಾಸಿನಲ್ಲಿ ಕಾನೂನು.

ಓದಿಗಾಗಿ ಹಳ್ಳಿಯಿಂದ ಪಟ್ಟಣಕ್ಕೆ, ಪಟ್ಟಣದಿಂದ ನಗರಕ್ಕೆ ಹೋದ ಈ ದಾರಿ ನಮಗೆ ಹೊಸದಲ್ಲ. ಆದರೆ ಈ ಸೌಲಭ್ಯ ಯಾರಿಗಿತ್ತು ಎಂದು ಕೇಳಬೇಕು. ಓದು ಬಲ್ಲ ಮನೆತನ, ತಕ್ಕಮಟ್ಟಿನ ಅನುಕೂಲ, ಮಗನನ್ನು ದೂರ ಕಳುಹಿಸುವ ಧೈರ್ಯ ಇದ್ದವರಿಗೆ ಮಾತ್ರ. ಅದೇ ಹಳ್ಳಿಯಲ್ಲಿ ಅದೇ ವರ್ಷ ಹುಟ್ಟಿದ ಕೂಲಿಯವನ ಮಗನಿಗೆ ಆ ದಾರಿ ಇರಲಿಲ್ಲ. ಈ ವ್ಯತ್ಯಾಸ ಮುಂದೆ ಅರುವತ್ತು ವರ್ಷ ಕಳೆದು ರಾಜಾಜಿಯವರ ಎದುರಿಗೇ ಬಂದು ನಿಂತಿತು.

1900ರ ಸುಮಾರಿಗೆ ಅವರು ಸೇಲಂನಲ್ಲಿ ವಕೀಲಿ ಆರಂಭಿಸಿದರು. ಒಳ್ಳೆಯ ಹೆಸರು, ಒಳ್ಳೆಯ ಸಂಪಾದನೆ. ಹೆಂಡತಿ ಅಲಮೇಲು ಮಂಗಮ್ಮ ಐದು ಮಕ್ಕಳನ್ನು ಬಿಟ್ಟು ಸಣ್ಣ ಪ್ರಾಯದಲ್ಲಿಯೇ ತೀರಿಹೋದರು. ರಾಜಾಜಿ ಮರುಮದುವೆ ಆಗಲಿಲ್ಲ. 1911ರಲ್ಲಿ ಸೇಲಂ ಪುರಸಭೆಯ ಸದಸ್ಯರಾದರು, 1917ರಿಂದ 1919ರ ತನಕ ಅಧ್ಯಕ್ಷರಾಗಿದ್ದರು. ಆ ಪುರಸಭೆಗೆ ಮೊದಲ ದಲಿತ ಸದಸ್ಯ ಬಂದದ್ದರ ಹಿಂದೆ ಅವರ ಪ್ರಯತ್ನವಿತ್ತು. ನೀರು, ಚರಂಡಿ, ಬೀದಿ ದೀಪ, ಶಾಲೆ ಎಂಬ ಪುರಸಭೆಯ ದಿನನಿತ್ಯದ ಲೆಕ್ಕಗಳು ಅವರಿಗೆ ಪರಿಚಯವಾದದ್ದು ಇಲ್ಲಿಯೇ. ಬೇರೆ ಅನೇಕ ನಾಯಕರಿಗೆ ಈ ಅನುಭವ ಇರಲಿಲ್ಲ ಎಂಬುದನ್ನು ಗಮನಿಸಬೇಕು.

ಸ್ವಾತಂತ್ರ್ಯ ಹೋರಾಟದ ಭಾಗ ಎಲ್ಲರಿಗೂ ಗೊತ್ತಿರುವುದರಿಂದ ಬೇಗ ಹೇಳಿ ಮುಗಿಸುತ್ತೇನೆ. 1919ರಲ್ಲಿ ಗಾಂಧೀಜಿಯ ಸಂಪರ್ಕ, ಅಸಹಕಾರ ಚಳವಳಿ, ವೆಲ್ಲೂರು ಜೈಲು. 1925ರಲ್ಲಿ ತಿರುಚೆಂಗೋಡಿನ ಬಳಿ ಆಶ್ರಮ ಕಟ್ಟಿ ಖಾದಿ, ಪಾನನಿರೋಧ, ಅಸ್ಪೃಶ್ಯತಾ ನಿವಾರಣೆಯ ಕೆಲಸ. 1927ರಲ್ಲಿ ಗಾಂಧೀಜಿ ಅಸ್ವಸ್ಥರಾಗಿ ನಂದಿ ಬೆಟ್ಟದಲ್ಲಿ, ಬೆಂಗಳೂರಿನಲ್ಲಿ ವಿಶ್ರಾಂತಿ ಪಡೆದಾಗ ರಾಜಾಜಿ ಜತೆಗಿದ್ದರು. 1930ರಲ್ಲಿ ವೇದಾರಣ್ಯಕ್ಕೆ ಉಪ್ಪಿನ ಸತ್ಯಾಗ್ರಹದ ಯಾತ್ರೆ ನಡೆಸಿದರು. ಮಗಳು ಲಕ್ಷ್ಮಿ ಗಾಂಧೀಜಿಯ ಮಗ ದೇವದಾಸರನ್ನು ಮದುವೆಯಾದದ್ದು 1933ರಲ್ಲಿ.

1937ರ ಜುಲೈಯಲ್ಲಿ ರಾಜಾಜಿ ಮದ್ರಾಸ್ ಪ್ರಾಂತ್ಯದ ಪ್ರಧಾನಿಯಾದರು. ಆಗ ಮುಖ್ಯಮಂತ್ರಿಗೆ ಇದ್ದ ಹೆಸರು ಅದು. ಕರಾವಳಿಯ ನಾವು ಅವರ ಆಡಳಿತಕ್ಕೆ ಬಂದದ್ದು ಆಗ. ಅದೇ ವರ್ಷ ಸೇಲಂ ಜಿಲ್ಲೆಯಲ್ಲಿ ಪಾನನಿರೋಧ ತಂದರು. ಸರಾಯಿಯಿಂದ ಬರುತ್ತಿದ್ದ ಆದಾಯ ನಿಂತಿತು. ಆ ಕಾಲದಲ್ಲಿ ಪ್ರಾಂತ್ಯಗಳ ಬೊಕ್ಕಸಕ್ಕೆ ಸರಾಯಿಯ ಹಣ ದೊಡ್ಡ ಆಧಾರ, ಶಾಲೆಗಳಿಗೆ ಹೋಗುತ್ತಿದ್ದ ಹಣದಲ್ಲಿ ಅದರ ಪಾಲೂ ಇರುತ್ತಿತ್ತು. ಗಂಡ ಕುಡಿದು ಕಳೆದ ದುಡ್ಡಿನಿಂದ ಮಗನ ಶಾಲೆ ನಡೆಯಬೇಕೇ ಎಂಬ ಪ್ರಶ್ನೆ ಗಾಂಧೀಜಿಯ ಅನುಯಾಯಿಗಳನ್ನು ಬಹಳ ಕಾಡಿತ್ತು. ನಷ್ಟ ತುಂಬಲು ರಾಜಾಜಿ 1939ರಲ್ಲಿ ಮಾರಾಟ ತೆರಿಗೆ ತಂದರು. ಸರಕುಗಳಿಗೆಲ್ಲ ಅನ್ವಯವಾಗುವ ಅಂಥ ತೆರಿಗೆ ದೇಶದಲ್ಲಿ ಅದೇ ಮೊದಲು. ವ್ಯಾಪಾರಿಗಳು ಬೈದರು. ಆದರೆ ಇಂದಿಗೂ ನಮ್ಮ ಸರ್ಕಾರಗಳು ಶಾಲೆಗಳಿಗೆ ಸಂಬಳ ಕೊಡುವುದು ಆ ಮರದ ಕೊಂಬೆಗಳಿಂದಲೇ.

ನಮ್ಮ ಓದುಗರಿಗೆ ವಿಶೇಷವಾಗಿ ತಿಳಿಸಬೇಕಾದ ಒಂದು ವಿಷಯ. 1939ರ ಜನವರಿಯಲ್ಲಿ ರಾಜಾಜಿಯವರ ಸಂಪುಟದಲ್ಲಿ ಶಿಕ್ಷಣ ಸಚಿವರಾದವರು ಸಿ. ಜೆ. ವರ್ಕಿ ಎಂಬ ಕಥೋಲಿಕರು. ಮಲಬಾರ್ ಮೂಲದ ಅವರು ನಮ್ಮ ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನಲ್ಲಿ ಪಾಠ ಮಾಡಿದ್ದವರು. ಅದೇ ವರ್ಷ ಅಕ್ಟೋಬರ್‌ನಲ್ಲಿ, ಯುದ್ಧದ ಕಾರಣ ಕಾಂಗ್ರೆಸ್ ಸಂಪುಟಗಳೆಲ್ಲ ರಾಜೀನಾಮೆ ಕೊಟ್ಟಾಗ ಅವರ ಅವಧಿಯೂ ಮುಗಿಯಿತು. ಅಷ್ಟು ಸಣ್ಣ ಅವಧಿಯಲ್ಲಿ ಹೆಚ್ಚೇನು ಮಾಡಲು ಸಾಧ್ಯ? ಆದರೂ ಮಿಶನ್ ಶಾಲೆಗಳ ಕಷ್ಟಸುಖ ಗೊತ್ತಿದ್ದ ಒಬ್ಬರು ಆ ಕುರ್ಚಿಯಲ್ಲಿ ಕುಳಿತಿದ್ದರು ಎಂಬುದು ಸಣ್ಣ ಮಾತಲ್ಲ.

ಈ ಅವಧಿಯಲ್ಲಿಯೇ ರಾಜಾಜಿ ಒಂದು ತಪ್ಪು ಹೆಜ್ಜೆ ಇಟ್ಟರು. 1938ರಲ್ಲಿ ಸುಮಾರು 125 ಪ್ರೌಢಶಾಲೆಗಳಲ್ಲಿ ಹಿಂದೂಸ್ತಾನಿಯನ್ನು ಕಡ್ಡಾಯ ಮಾಡಿದರು. ತಮಿಳು ಭಾಗದಲ್ಲಿ ದೊಡ್ಡ ಚಳವಳಿ ಎದ್ದಿತು, ಸಾವಿರಕ್ಕೂ ಹೆಚ್ಚು ಜನ ಜೈಲಿಗೆ ಹೋದರು. 1940ರ ಫೆಬ್ರವರಿಯಲ್ಲಿ ಗವರ್ನರರು ಆ ಆದೇಶವನ್ನು ಹಿಂದಕ್ಕೆ ಪಡೆದರು. ತನಗೆ ಸರಿ ಕಂಡದ್ದನ್ನು ಹತ್ತು ಜನರನ್ನು ಕೇಳದೆ ಜಾರಿಗೆ ತರುವ ಸ್ವಭಾವ ಅವರಲ್ಲಿತ್ತು. ಆ ಸ್ವಭಾವ ಮತ್ತೊಮ್ಮೆ ಅವರನ್ನು ಬೀಳಿಸಿತು.

ಇನ್ನು ರಾಜಾಜಿನಗರದ ವಿಷಯ. 1948ರ ಜೂನ್‌ನಲ್ಲಿ ರಾಜಾಜಿ ಸ್ವತಂತ್ರ ಭಾರತದ ಗವರ್ನರ್ ಜನರಲ್ ಆದರು. ಆ ಹುದ್ದೆಗೇರಿದ ಏಕೈಕ ಭಾರತೀಯ ಅವರು. 1949ರ ಜುಲೈ 3ರಂದು ಬೆಂಗಳೂರಿನ ಪಶ್ಚಿಮಕ್ಕೆ ಒಂದು ಹೊಸ ಕೈಗಾರಿಕಾ ಉಪನಗರಕ್ಕೆ ಅವರು ಚಾಲನೆ ನೀಡಿದರು. ಆಗ ಮೈಸೂರು ಸರ್ಕಾರದ ನಾಯಕರು ಕೆ. ಸಿ. ರೆಡ್ಡಿ. ಆ ಉಪನಗರಕ್ಕೆ ಅತಿಥಿಯ ಹೆಸರನ್ನೇ ಇಟ್ಟರು.

ಉಪನಗರ ಏಕೆ ಬೇಕಾಯಿತು ಎಂದರೆ ಜನಗಣತಿಯನ್ನು ನೋಡಿದರೆ ಸಾಕು. 1941ರಲ್ಲಿ ಬೆಂಗಳೂರಿನಲ್ಲಿ ಸುಮಾರು 4 ಲಕ್ಷ ಜನ. 1951ರಲ್ಲಿ 7 ಲಕ್ಷ 79 ಸಾವಿರ. ಹತ್ತು ವರ್ಷದಲ್ಲಿ ಹತ್ತಿರ ಹತ್ತಿರ ಎರಡು ಪಟ್ಟು. ಯುದ್ಧಕಾಲದಲ್ಲಿ ವಿಮಾನ ಕಾರ್ಖಾನೆ ಬಂದಿತ್ತು, 1948ರಲ್ಲಿ ಟೆಲಿಫೋನ್ ಕಾರ್ಖಾನೆ, ಮುಂದಿನ ವರ್ಷಗಳಲ್ಲಿ ಎಚ್‌ಎಂಟಿ, ಬಿಇಎಲ್. ಊರೊಳಗೆ ಗಿರಣಿಗಳು. ಕಾರ್ಖಾನೆಯ ಪಕ್ಕದಲ್ಲಿಯೇ ಕಾರ್ಮಿಕನ ಮನೆ, ಮನೆಯ ಪಕ್ಕದಲ್ಲಿಯೇ ಮಾರುಕಟ್ಟೆ, ಆಸ್ಪತ್ರೆ, ಶಾಲೆ ಇರಬೇಕೆಂಬುದು ಉಪನಗರದ ಕಲ್ಪನೆ. ಬ್ಲಾಕು ಬ್ಲಾಕಾಗಿ ನೆಲ ಅಳೆದರು. ನಗರ ಬೆಳವಣಿಗೆಗೆ ಯೋಜನೆ ಬೇಕು ಎಂದು 1945ರಲ್ಲಿಯೇ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಹುಟ್ಟಿಕೊಂಡಿತ್ತು. ಅದೇ 1976ರಲ್ಲಿ ಬಿಡಿಎ ಆಯಿತು.

ಹೆಸರು ಕೊಟ್ಟು ಹೋದ ರಾಜಾಜಿ 1952ರ ಏಪ್ರಿಲ್‌ನಲ್ಲಿ ಮತ್ತೆ ಮದ್ರಾಸಿನ ಮುಖ್ಯಮಂತ್ರಿಯಾದರು. ಆಗ ಅವರಿಗೆ 73 ವರ್ಷ. ಕಾಂಗ್ರೆಸ್ಸಿಗೆ ಬಹುಮತ ಇರಲಿಲ್ಲ, ಇವರು ಚುನಾವಣೆಗೆ ನಿಂತೂ ಇರಲಿಲ್ಲ. ಮೇಲ್ಮನೆಗೆ ನಾಮಕರಣಗೊಂಡು ಬಂದರು. ನಮ್ಮ ಜಿಲ್ಲೆಯ ಎ. ಬಿ. ಶೆಟ್ಟಿಯವರು ಆ ಸಂಪುಟದಲ್ಲಿ ಆರೋಗ್ಯ ಸಚಿವರು.

ಸಂವಿಧಾನ ಬಂದು ಎರಡು ವರ್ಷವಾಗಿತ್ತಷ್ಟೆ. ಹತ್ತು ವರ್ಷದೊಳಗೆ ಹದಿನಾಲ್ಕು ವರ್ಷದ ತನಕದ ಎಲ್ಲ ಮಕ್ಕಳಿಗೂ ಉಚಿತ ಕಡ್ಡಾಯ ಶಿಕ್ಷಣ ಕೊಡಲು ರಾಜ್ಯಗಳು ಪ್ರಯತ್ನಿಸಬೇಕೆಂದು ಅದು ಹೇಳಿತ್ತು. ಮದ್ರಾಸ್ ರಾಜ್ಯದಲ್ಲಿ ಶಾಲೆಗೆ ಹೋಗುವ ಪ್ರಾಯದ ಅರ್ಧದಷ್ಟು ಮಕ್ಕಳೂ ಶಾಲೆಯಲ್ಲಿರಲಿಲ್ಲ. ಸೇರಿದವರಲ್ಲಿ ಬಹುಪಾಲು ಐದನೆಯ ತರಗತಿ ಮುಟ್ಟುವ ಮೊದಲೇ ಬಿಡುತ್ತಿದ್ದರು. ಎಲ್ಲರಿಗೂ ಶಾಲೆ ಕಟ್ಟಬೇಕಾದರೆ ಈಗಿರುವಷ್ಟೇ ಕಟ್ಟಡ, ಈಗಿರುವಷ್ಟೇ ಶಿಕ್ಷಕರು ಮತ್ತೆ ಬೇಕು. ಹಣ ಎಲ್ಲಿದೆ? ಪಾನನಿರೋಧ ಇಡೀ ರಾಜ್ಯಕ್ಕೆ ಬಂದು ಸರಾಯಿ ಆದಾಯವೂ ನಿಂತಿತ್ತು.

ರಾಜಾಜಿ ಕಂಡುಕೊಂಡ ದಾರಿ ಹೀಗಿತ್ತು. 1953ರ ಜೂನ್ 18ರಿಂದ ಪುರಸಭೆಗಳ ಹೊರಗಿನ ಪ್ರಾಥಮಿಕ ಶಾಲೆಗಳಲ್ಲಿ ಎರಡು ಪಾಳಿ. ಪ್ರತಿ ಮಗುವಿಗೆ ದಿನಕ್ಕೆ ಮೂರು ಗಂಟೆ ಪಾಠ. ಬೆಳಿಗ್ಗೆ ಒಂದು ಗುಂಪು, ಮಧ್ಯಾಹ್ನ ಇನ್ನೊಂದು. ಅದೇ ಕೋಣೆ, ಅದೇ ಬೆಂಚು, ಅದೇ ಶಿಕ್ಷಕರು, ಮಕ್ಕಳು ಮಾತ್ರ ಎರಡರಷ್ಟು. ಉಳಿದ ಅರ್ಧ ದಿನ ಮಗು ಮನೆಯಲ್ಲಿ ತಂದೆಯ ಕಸುಬನ್ನು ನೋಡಿ ಕಲಿಯಬೇಕು, ಹೆಣ್ಣುಮಕ್ಕಳು ತಾಯಿಯ ಜತೆ ಮನೆಗೆಲಸ ಕಲಿಯಬೇಕು. ಪುರಸಭೆಯಿದ್ದ ಪಟ್ಟಣಗಳನ್ನು ಬಿಟ್ಟರೆ ನಮ್ಮ ದಕ್ಷಿಣ ಕನ್ನಡದ ಹಳ್ಳಿಗಳೂ ಈ ವ್ಯಾಪ್ತಿಯೊಳಗೆ ಬರುತ್ತಿದ್ದವು. ಅದೇ ಸಮಯದಲ್ಲಿ ರಾಜಾಜಿನಗರದ ಮಕ್ಕಳಿಗೆ ಇದು ಅನ್ವಯವಾಗುತ್ತಿರಲಿಲ್ಲ, ಏಕೆಂದರೆ ಅದು ಮೈಸೂರು ರಾಜ್ಯ. ಅವರ ಹೆಸರಿನ ಬಡಾವಣೆಯ ಮಗು ಇಡೀ ದಿನ ಶಾಲೆಯಲ್ಲಿ ಕುಳಿತಿತು, ಅವರ ಆಡಳಿತದ ಹಳ್ಳಿಯ ಮಗು ಅರ್ಧ ದಿನಕ್ಕೆ ಮನೆಗೆ ಬರಬೇಕಾಯಿತು.

ಸೀಟಿನ ಲೆಕ್ಕವನ್ನಷ್ಟೇ ನೋಡಿದರೆ ಇದರಲ್ಲಿ ತಪ್ಪಿಲ್ಲ. ಕಟ್ಟಡ ಸಾಲದ ಎಷ್ಟೋ ದೇಶಗಳಲ್ಲಿ ಇಂದಿಗೂ ಎರಡು ಪಾಳಿಯ ಶಾಲೆಗಳು ನಡೆಯುತ್ತವೆ. ತೊಂದರೆ ಇದ್ದದ್ದು ಉಳಿದ ಅರ್ಧ ದಿನದಲ್ಲಿ. ಗಾಂಧೀಜಿಯ ಮೂಲ ಶಿಕ್ಷಣದಲ್ಲಿಯೂ ಕೈಕಸುಬು ಇತ್ತು. ಆದರೆ ಅಲ್ಲಿ ಕಸುಬು ಶಾಲೆಯೊಳಗೆ, ಎಲ್ಲ ಜಾತಿಯ ಮಕ್ಕಳಿಗೂ ಒಂದೇ. ನೂಲುವುದಾದರೆ ಬ್ರಾಹ್ಮಣನ ಮಗನೂ ನೂಲಬೇಕು. ರಾಜಾಜಿಯವರ ಪದ್ಧತಿಯಲ್ಲಿ ಕಸುಬು ಮನೆಗೆ ಹೋಯಿತು. ಮನೆಯ ಕಸುಬು ಎಂದರೆ ನಮ್ಮ ದೇಶದಲ್ಲಿ ಜಾತಿಯ ಕಸುಬು. ಕ್ಷೌರಿಕನ ಮಗ ಕ್ಷೌರ, ಅಗಸನ ಮಗ ಬಟ್ಟೆ ಒಗೆಯುವುದು, ಜಾಡಮಾಲಿಯ ಮಗ ಪೊರಕೆ. ತಂದೆಗೆ ನೆಲವೇ ಇಲ್ಲದ ಕೂಲಿಯಾಳಿನ ಮಗ ಕಲಿಯುವುದಾದರೂ ಏನನ್ನು? ತಮಿಳು ಭಾಗದ ಜನ ಇದಕ್ಕೆ ಕುಲಕಲ್ವಿ, ಅಂದರೆ ಕುಲದ ವಿದ್ಯೆ, ಎಂದು ಹೆಸರಿಟ್ಟರು. ಒಂದೇ ಶಬ್ದದಲ್ಲಿ ಯೋಜನೆ ಮುಗಿಯಿತು.

ರಾಜಾಜಿಯವರ ಉದ್ದೇಶ ಜಾತಿಯನ್ನು ಉಳಿಸುವುದಾಗಿತ್ತು ಎಂದು ನಾನು ಒಪ್ಪುವುದಿಲ್ಲ. 1939ರಲ್ಲಿ ದೇವಾಲಯ ಪ್ರವೇಶದ ಕಾನೂನು ಮಾಡಿದವರು ಅವರು. ಕೈಯಿಂದ ದುಡಿಯುವವನಿಗೆ ಓದಿದವನಷ್ಟೇ ಗೌರವ ಬರಬೇಕೆಂದು ಅವರು ನಿಜವಾಗಿಯೂ ನಂಬಿದ್ದರು. ಆದರೆ ತೊರಪಳ್ಳಿಯಿಂದ ಹೊಸೂರಿಗೆ, ಹೊಸೂರಿನಿಂದ ಸೆಂಟ್ರಲ್ ಕಾಲೇಜಿಗೆ ಹೋದ ಹುಡುಗ ತಂದೆಯ ಕಸುಬಿನಿಂದ ಹೊರಗೆ ಬಂದದ್ದು ಶಾಲೆಯ ಬಾಗಿಲಿನಿಂದಲೇ. ಅದೇ ಬಾಗಿಲನ್ನು ಇತರರಿಗೆ ಅರ್ಧ ಮುಚ್ಚಿದಂತೆ ಜನರಿಗೆ ಕಂಡಿತು. ಜತೆಗೆ, ಅವರು ಈ ವಿಷಯದಲ್ಲಿ ಪಕ್ಷವನ್ನೂ ಶಾಸನಸಭೆಯನ್ನೂ ಮೊದಲು ವಿಶ್ವಾಸಕ್ಕೆ ತೆಗೆದುಕೊಳ್ಳಲಿಲ್ಲ. ಊರೂರಿನ ಶಿಕ್ಷಕರನ್ನು, ಶಾಲೆ ನಡೆಸುವವರನ್ನು ಕೇಳಿ ಆಮೇಲೆ ಮಾಡಿದ್ದರೆ ಮನೆಯ ಕಸುಬಿನ ಭಾಗವನ್ನು ಬಿಟ್ಟು ಪಾಳಿಯನ್ನಷ್ಟೇ ಉಳಿಸಿಕೊಳ್ಳಬಹುದಿತ್ತೋ ಏನೋ.

ಪೆರಿಯಾರ್, ಅಣ್ಣಾದೊರೈ ಬೀದಿಗಿಳಿದರು. ಕಾಂಗ್ರೆಸ್ಸಿನೊಳಗೆ ಕಾಮರಾಜರೂ ವಿರುದ್ಧ. ಜುಲೈ ಕೊನೆಯಲ್ಲಿ ಶಾಸನಸಭೆಯಲ್ಲಿ ಕೂದಲೆಳೆಯ ಅಂತರದ ಮತದಾನ ನಡೆದು ವಿಷಯ ತಜ್ಞರ ಸಮಿತಿಗೆ ಹೋಯಿತು. ಪರುಳೇಕರ್ ಸಮಿತಿ ಯೋಜನೆ ಒಳ್ಳೆಯದೆಂದೇ ವರದಿ ಕೊಟ್ಟಿತು. ಆದರೆ ವರದಿ ಬರುವಷ್ಟರಲ್ಲಿ ಜನ ತೀರ್ಮಾನಿಸಿಯಾಗಿತ್ತು. 1954ರ ಏಪ್ರಿಲ್‌ನಲ್ಲಿ ಆರೋಗ್ಯದ ಕಾರಣ ಹೇಳಿ ರಾಜಾಜಿ ಇಳಿದರು. ಕಾಮರಾಜರು ಬಂದರು. ಮೇ 18ರಂದು ಯೋಜನೆ ರದ್ದಾಯಿತು. ಪ್ರಾಥಮಿಕ ಶಾಲೆಯ ಮೇಲೆ ಓದದ ಕಾಮರಾಜರು ಹೊಸ ಶಾಲೆ ತೆರೆದರು, ಮಧ್ಯಾಹ್ನದ ಊಟ ಹಾಕಿದರು, ಊರವರಿಂದ ದಾನ ಎತ್ತಿಸಿದರು. ಇಲ್ಲದ ಹಣ ಎಲ್ಲಿಂದ ಬಂತು ಎಂದು ಕೇಳಬಹುದು. ಒಂದಷ್ಟು ಪಂಚವಾರ್ಷಿಕ ಯೋಜನೆಯಿಂದ, ಒಂದಷ್ಟು ಜನರಿಂದ. ಹಣ ಇರಲಿಲ್ಲ ಎಂಬುದಕ್ಕಿಂತ ಅದನ್ನು ಕೇಳುವ ಬಗೆ ಬೇರೆಯಾಗಿತ್ತು ಎನ್ನಬೇಕು.

1956ರ ನವೆಂಬರ್ 1ರಂದು ದಕ್ಷಿಣ ಕನ್ನಡ ಮೈಸೂರು ರಾಜ್ಯಕ್ಕೆ ಸೇರಿತು, ಕಾಸರಗೋಡು ಕೇರಳಕ್ಕೆ ಹೋಯಿತು. ಅಂದಿನಿಂದ ನಮಗೂ ರಾಜಾಜಿನಗರಕ್ಕೂ ಒಂದೇ ಸರ್ಕಾರ. ಘಟ್ಟ ಹತ್ತುವ ಬಸ್ಸುಗಳು ತುಂಬತೊಡಗಿದವು.

ಇಲ್ಲಿ ಸ್ವಲ್ಪ ನಿಂತು, ರಾಜಾಜಿಯವರನ್ನು ಕಾಡಿದ ಪ್ರಶ್ನೆ ಅವರ ಹೆಸರಿನ ಬಡಾವಣೆಯ ಸುತ್ತ ಈಗ ಹೇಗಿದೆ ಎಂದು ನೋಡುವುದು ಅಗತ್ಯ. ಪ್ರಾಥಮಿಕ ಶಾಲೆಯ ಸೀಟು ಇಂದು ಅಷ್ಟು ಕಷ್ಟವಲ್ಲ. ಗಂಟು ಇರುವುದು ಪ್ರೌಢಶಾಲೆಯಲ್ಲಿ. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ ಆರರಿಂದ ಹದಿನಾಲ್ಕು ವರ್ಷದವರಿಗೆ, ಅಂದರೆ ಎಂಟನೆಯ ತರಗತಿಯ ತನಕ. ಒಂಬತ್ತು, ಹತ್ತನೆಯ ತರಗತಿಗೆ ಆ ಕಾನೂನಿನ ರಕ್ಷಣೆ ಇಲ್ಲ. ಪ್ರೌಢಶಾಲೆಗೆಂದು 2009ರಲ್ಲಿ ಬಂದ ಕೇಂದ್ರದ ಯೋಜನೆ ಐದು ಕಿಲೋಮೀಟರ್ ಒಳಗೆ ಒಂದು ಪ್ರೌಢಶಾಲೆ ಇರಬೇಕೆಂದಿತು. ಹಳ್ಳಿಗೆ ಈ ಅಳತೆ ಸರಿ. ಕೆಂಗೇರಿಯಿಂದ ಐದು ಕಿಲೋಮೀಟರ್ ಸುತ್ತ ಎಷ್ಟು ಲಕ್ಷ ಜನರಿದ್ದಾರೆ ಎಂದು ಯೋಚಿಸಿದರೆ ನಗರದಲ್ಲಿ ದೂರ ಅಳೆದು ಪ್ರಯೋಜನವಿಲ್ಲ, ಬೆಂಚು ಎಣಿಸಬೇಕು ಎಂದು ಗೊತ್ತಾಗುತ್ತದೆ.

ಎಣಿಸುವುದು ಕಷ್ಟವೂ ಅಲ್ಲ. ಒಂದು ಬಡಾವಣೆಯಲ್ಲಿ ವರ್ಷಕ್ಕೆ ಇನ್ನೂರು ಮಕ್ಕಳು ಎಂಟನೆಯ ತರಗತಿಗೆ ಬರುತ್ತಾರೆ ಎಂದಿಟ್ಟುಕೊಳ್ಳಿ. ಒಂದು ಕೋಣೆಗೆ ನಲವತ್ತು ಮಕ್ಕಳಂತೆ ಐದು ವಿಭಾಗ. ಎಂಟು, ಒಂಬತ್ತು, ಹತ್ತು ಸೇರಿ ಹದಿನೈದು ಕೋಣೆ, ಜತೆಗೆ ಪ್ರಯೋಗಾಲಯ, ಆಟದ ಬಯಲು, ಹೆಣ್ಣುಮಕ್ಕಳಿಗೆ ಸಾಕಷ್ಟು ಶೌಚಾಲಯ. ಎರಡು ಪಾಳಿ ಮಾಡಿದರೆ ಎಂಟು ಕೋಣೆ ಸಾಕು. ಆದರೆ ಸಂಜೆ ಪಾಳಿ ಬಿಡುವಾಗ ಕತ್ತಲೆಯಾಗುತ್ತದೆ, ಹದಿನಾಲ್ಕು ವರ್ಷದ ಮಗಳನ್ನು ಆ ಹೊತ್ತಿಗೆ ರಿಂಗ್ ರೋಡ್ ದಾಟಿಸಲು ಯಾವ ತಾಯಿ ಒಪ್ಪುತ್ತಾಳೆ?

ಈ ಇನ್ನೂರು ಮಕ್ಕಳು ಆಕಾಶದಿಂದ ಇಳಿಯುವುದಿಲ್ಲ. ಹದಿಮೂರು ವರ್ಷ ಮೊದಲೇ ಹುಟ್ಟಿರುತ್ತಾರೆ. ನಮ್ಮ ಇಗರ್ಜಿಯ ಜ್ಞಾನಸ್ನಾನದ ಪುಸ್ತಕ ತೆರೆದರೆ ಯಾವ ವರ್ಷ ಪ್ರಥಮ ಪರಮ ಪ್ರಸಾದಕ್ಕೆ ಎಷ್ಟು ಮಕ್ಕಳು, ಯಾವ ವರ್ಷ ದೃಢೀಕರಣಕ್ಕೆ ಎಷ್ಟು ಎಂದು ಗುರುಗಳು ಹೇಳಬಲ್ಲರು. ನಗರಪಾಲಿಕೆಯ ಜನನ ದಾಖಲೆಯೂ ಅಂಥದ್ದೇ. ಕಷ್ಟ ಬರುವುದು ವಲಸೆಯಿಂದ. ಹೊಸ ಬಡಾವಣೆಗೆ ಒಂದೇ ಪ್ರಾಯದ ಸಂಸಾರಗಳು ಒಟ್ಟಿಗೆ ಬರುತ್ತವೆ. ಮೊದಲ ಹತ್ತು ವರ್ಷ ಎಲ್ಲಿ ನೋಡಿದರೂ ಶಿಶುವಿಹಾರ. ಅನಂತರ ಅಲೆ ಪ್ರೌಢಶಾಲೆಗೆ ಬಡಿಯುತ್ತದೆ. ಮೂವತ್ತು ವರ್ಷ ಕಳೆದರೆ ಅದೇ ಬೀದಿಯಲ್ಲಿ ಮುದುಕರು, ಶಾಲೆಯಲ್ಲಿ ಖಾಲಿ ಕೋಣೆಗಳು. ರಾಜಾಜಿನಗರದ ಹಳೆಯ ಬ್ಲಾಕುಗಳು ಈ ಸುತ್ತು ಮುಗಿಸಿವೆ. ವಿಜಯನಗರ, ಬಸವೇಶ್ವರನಗರ ಅದರ ಹಿಂದೆ. ಸರ್ ಎಂ. ವಿಶ್ವೇಶ್ವರಯ್ಯ ಬಡಾವಣೆ, ಕೆಂಗೇರಿಯಾಚೆಯ ನಾಡಪ್ರಭು ಕೆಂಪೇಗೌಡ ಬಡಾವಣೆಗಳಲ್ಲಿ ಅಲೆ ಇನ್ನೂ ಬರಬೇಕಾಗಿದೆ. 2021ರ ಆಗಸ್ಟ್‌ನಲ್ಲಿ ಮೆಟ್ರೋ ಕೆಂಗೇರಿ ಮುಟ್ಟಿದ ಮೇಲೆ ಬಾಡಿಗೆ ಮನೆಗಳು ಆ ಕಡೆಗೆ ಸರಿದಿವೆ, ಹಳೆಯ ಶಾಲೆಗಳು ಈ ಕಡೆ ಉಳಿದಿವೆ.

ಬಿಡಿಎ ಕಾಯ್ದೆಯಲ್ಲಿ ಇದಕ್ಕೆ ಒಂದು ದಾರಿ ಇದೆ. ಬಡಾವಣೆ ಮಾಡುವಾಗ ನೂರಕ್ಕೆ ಹದಿನೈದು ಭಾಗ ಉದ್ಯಾನ, ಆಟದ ಬಯಲಿಗೆ, ಮತ್ತೆ ಹತ್ತು ಭಾಗ ನಾಗರಿಕ ಸೌಲಭ್ಯಕ್ಕೆ ಬಿಡಬೇಕು. ಸಿಎ ಸೈಟು ಎಂದು ಜನ ಕರೆಯುವುದು ಇದನ್ನೇ. ಆಸ್ಪತ್ರೆ, ಅಂಚೆ ಕಚೇರಿ, ಸಮುದಾಯ ಭವನ, ಶಾಲೆ ಎಲ್ಲವೂ ಆ ಹತ್ತು ಭಾಗಕ್ಕೆ ಕೈಚಾಚುತ್ತವೆ. ಸಂಘಸಂಸ್ಥೆಗಳಿಗೆ ಸೈಟು ಗುತ್ತಿಗೆಗೆ ಸಿಗುತ್ತದೆ. ಅಲ್ಲಿ ಶಾಲೆ ಎದ್ದರೂ ಅದು ಬಡಾವಣೆಯ ಮಗುವಿಗೆ ಸೀಟು ಕೊಡುತ್ತದೆಯೇ, ಎಷ್ಟು ಶುಲ್ಕಕ್ಕೆ, ಎಂಬುದು ಬೇರೆ ಪ್ರಶ್ನೆ. ಕಾಯ್ದೆಯ ಪ್ರಕಾರ ಖಾಸಗಿ ಶಾಲೆಗಳಲ್ಲಿ ಬಡವರಿಗೆ ಮೀಸಲಿಟ್ಟಿದ್ದ ನೂರಕ್ಕೆ ಇಪ್ಪತ್ತೈದು ಸೀಟುಗಳ ವ್ಯವಸ್ಥೆ, ಹತ್ತಿರ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದಲ್ಲಿ ಬೇಡ ಎಂದು ಕರ್ನಾಟಕ 2019ರಲ್ಲಿ ನಿಯಮ ಬದಲಿಸಿದ ಮೇಲೆ ಬಹಳ ಕುಗ್ಗಿತು. ಅಲ್ಪಸಂಖ್ಯಾತರ ಶಾಲೆಗಳಿಗೆ ಈ ಕಾಯ್ದೆ ಅನ್ವಯಿಸದು ಎಂದು ಸುಪ್ರೀಂ ಕೋರ್ಟು 2014ರ ಮೇ 6ರಂದೇ ತೀರ್ಪು ಕೊಟ್ಟಿದೆ. ನಮ್ಮ ಹಕ್ಕು ಉಳಿದದ್ದು ಸಂತೋಷವೇ. ಆದರೆ ಕಾನೂನು ಕೇಳುವುದಿಲ್ಲ ಎಂಬ ಕಾರಣಕ್ಕೆ ನಮ್ಮ ಶಾಲೆಯ ಗೇಟಿನಲ್ಲಿ ಮನೆಗೆಲಸದ ಹೆಂಗಸಿನ ಮಗಳು ಹಿಂದೆ ತಿರುಗಿದರೆ, ಆಕೆಯ ಎಂಟನೆಯ ತರಗತಿ ಎಲ್ಲಿ ನಡೆಯಬೇಕು? ಕೆಲವು ಹಳೆಯ ಬಡಾವಣೆಗಳಲ್ಲಿ ನಮ್ಮವೇ ಕನ್ನಡ ಮಾಧ್ಯಮದ ಶಾಲೆಗಳಲ್ಲಿ ಕೋಣೆಗಳು ಖಾಲಿ ಇವೆ. ಹೊಸ ಬಡಾವಣೆಗೆ ಕಾಲಿಡುವ ಮೊದಲು ಆ ಕೋಣೆಗಳನ್ನು ಮತ್ತು ಜ್ಞಾನಸ್ನಾನದ ಪುಸ್ತಕವನ್ನು ಒಟ್ಟಿಗೆ ಇಟ್ಟು ನೋಡುವ ಕೆಲಸ ಪಾಲನಾ ಮಂಡಳಿಗಳಲ್ಲಿ ನಡೆಯಬೇಕಾದದ್ದು.

ರಾಜಾಜಿಯವರ ಕತೆಗೆ ಹಿಂದಿರುಗೋಣ. ಅಧಿಕಾರ ಬಿಟ್ಟ ವರ್ಷವೇ, 1954ರಲ್ಲಿ, ಅವರಿಗೆ ಭಾರತರತ್ನ ಬಂತು. ರಾಧಾಕೃಷ್ಣನ್, ಸಿ. ವಿ. ರಾಮನ್ ಜತೆ ಆ ಗೌರವ ಪಡೆದ ಮೊದಲ ಮೂವರಲ್ಲಿ ಅವರೊಬ್ಬರು. ರಾಮಾಯಣ, ಮಹಾಭಾರತಗಳನ್ನು ಸರಳವಾಗಿ ಬರೆದರು. ಅವರ ತಮಿಳು ರಾಮಾಯಣಕ್ಕೆ 1958ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 1959ರಲ್ಲಿ, ಎಂಬತ್ತು ದಾಟಿದ ಮೇಲೆ, ಸ್ವತಂತ್ರ ಪಕ್ಷ ಕಟ್ಟಿ ನೆಹರೂ ಸರ್ಕಾರದ ಲೈಸನ್ಸು ಪದ್ಧತಿಯನ್ನು ವಿರೋಧಿಸಿದರು. 1962ರಲ್ಲಿ ಅಣ್ವಸ್ತ್ರ ಪರೀಕ್ಷೆ ನಿಲ್ಲಿಸಬೇಕೆಂದು ಕೇಳಲು ಅಮೆರಿಕಕ್ಕೆ ಹೋಗಿ ಅಧ್ಯಕ್ಷ ಕೆನಡಿಯವರನ್ನು ಕಂಡರು. ಆ ನಿಯೋಗದಲ್ಲಿ ಅವರ ಜತೆಗಿದ್ದವರು ನಮ್ಮ ನಾಡಿನ ಆರ್. ಆರ್. ದಿವಾಕರ್ ಮತ್ತು ಮಂಗಳೂರಿನ ಬೆನಗಲ್ ಮನೆತನದ ಬಿ. ಶಿವರಾವ್.

1967ರ ಚುನಾವಣೆಯಲ್ಲಿ ರಾಜಾಜಿ ಒಂದು ವಿಚಿತ್ರ ಕೆಲಸ ಮಾಡಿದರು. ಹದಿನಾಲ್ಕು ವರ್ಷ ಮೊದಲು ತಮ್ಮ ಶಾಲಾ ಯೋಜನೆಯ ವಿರುದ್ಧ ಬೀದಿಗಿಳಿದ ಅಣ್ಣಾದೊರೈಯವರ ಪಕ್ಷದ ಜತೆ ಕೈಜೋಡಿಸಿದರು. ಕಾಂಗ್ರೆಸ್ ಸೋತು ಅಣ್ಣಾದೊರೈ ಮುಖ್ಯಮಂತ್ರಿಯಾದರು. ಹಿಂದಿ ಹೇರಿಕೆಯ ಪ್ರಶ್ನೆಯಲ್ಲಿಯೂ ಅಷ್ಟರೊಳಗೆ ರಾಜಾಜಿ ಎದುರು ಪಾಳಯಕ್ಕೆ ಬಂದಿದ್ದರು. 1938ರಲ್ಲಿ ತಾವೇ ಕಡ್ಡಾಯ ಮಾಡಿದ ಭಾಷೆಯ ವಿರುದ್ಧ ಈಗ ಬರೆದರು, ಮಾತನಾಡಿದರು. ಅಭಿಪ್ರಾಯ ಬದಲಿಸಲು ಅವರು ಎಂದೂ ಹಿಂಜರಿದವರಲ್ಲ.

1972ರ ಡಿಸೆಂಬರ್‌ನಲ್ಲಿ ಕಾಯಿಲೆಯಿಂದ ಮದ್ರಾಸಿನ ಸರ್ಕಾರಿ ಆಸ್ಪತ್ರೆ ಸೇರಿದರು. ಡಿಸೆಂಬರ್ 25ರಂದು, ನಾವೆಲ್ಲ ಕ್ರಿಸ್ತಜಯಂತಿ ಆಚರಿಸುತ್ತಿದ್ದ ದಿನ, 94ನೆಯ ವಯಸ್ಸಿನಲ್ಲಿ ತೀರಿಕೊಂಡರು. ರಾಜಾಜಿನಗರದ ಮೊದಲ ಕಾರ್ಮಿಕ ಸಂಸಾರಗಳ ಮಕ್ಕಳಲ್ಲಿ ಆಗಲೇ ಕೆಲವರು ಕಾರ್ಖಾನೆಯ ಕೆಲಸಕ್ಕೆ, ಕೆಲವರು ಕಾಲೇಜಿಗೆ ಹೋಗುತ್ತಿದ್ದರು.